ಹೊಸ ಬ್ಯಾಟರಿ ಹಾಕಿಸಿದೆ, ಆದರೆ ಕೆಟ್ಟಿದ್ದು ಆಲ್ಟರ್ನೇಟರ್: ನನ್ನ ಒಂದು ತಿಂಗಳ ಅನುಭವ

ಮೊನ್ನೆ ಶನಿವಾರ ಸಂಜೆ ನನ್ನ ಕಾರಿನ ಚಾರ್ಜಿಂಗ್ ತೊಂದರೆ ಕೊನೆಗೂ ಮುಗಿಯಿತು. ಶುರುವಾಗಿ ಒಂದು ತಿಂಗಳ ಮೇಲಾಗಿತ್ತು. ಈ ಅವಧಿಯಲ್ಲಿ ಬೇಡದ ಬ್ಯಾಟರಿಯೊಂದನ್ನು ಕೊಂಡೆ. ರಾತ್ರಿ ಹೊತ್ತು ಅಮ್ಮನನ್ನು ಕೂರಿಸಿಕೊಂಡು ರಸ್ತೆ ಬದಿಯಲ್ಲಿ ನಿಂತೆ. ಆಲ್ಟರ್ನೇಟರ್ ಅಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬಿಸುವ ಯಂತ್ರ; ಮೊದಲು ತರಿಸಿದ್ದು ಕೂರದೆ ವಾಪಸ್ ಹೋಯಿತು. ಸರಿಯಾದದ್ದು ಬಂದು ಕೂತ ಮೇಲೂ ಚಾರ್ಜ್ ಸರಿಯಾಗಿ ಏರಲಿಲ್ಲ. ಇದರಲ್ಲಿ ಅರ್ಧ ಕಷ್ಟ ತಪ್ಪುತ್ತಿತ್ತು, ಮೊದಲ ದಿನವೇ ವೋಲ್ಟೇಜ್ ಅಳೆಯುವ ಒಂದು ಮೀಟರ್ ಹಿಡಿದು ಎರಡು ನಿಮಿಷ ನೋಡಿದ್ದರೆ. ನಿಮಗೆ ಹಾಗಾಗದಿರಲಿ ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಕಾರಿಗೆ 9 ವರ್ಷ. ಪೆಟ್ರೋಲ್ ಎಂಜಿನ್. ಮೊದಲ ಸುಳಿವು ಸಿಕ್ಕಿದ್ದು ರೇಡಿಯೋದಲ್ಲಿ. ಹಾಡಿನ ಹಿಂದೆ ಸಣ್ಣಗೆ ‘ಕುಂಯ್’ ಅನ್ನುವ ಸದ್ದು. ಆಕ್ಸಿಲರೇಟರ್ ಒತ್ತಿದರೆ ಸದ್ದೂ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಸ್ಪೀಕರ್ ಹಳೆಯದಾಯಿತು ಅಂದುಕೊಂಡು ಸುಮ್ಮನಾದೆ. ಎಂಜಿನ್ ಜೊತೆ ಏರಿಳಿಯುವ ಈ ಸದ್ದು ಆಲ್ಟರ್ನೇಟರ್ ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಕೆಡುತ್ತಿರುವುದರ ಗುರುತಾಗಿರಬಹುದು ಅಂತ ಆಗ ಗೊತ್ತಿರಲಿಲ್ಲ.

ಆಮೇಲೆ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ. ಅದು ಪೂರ್ತಿ ಉರಿಯುತ್ತಿರಲಿಲ್ಲ. ಹಗಲಲ್ಲಿ ಕಾಣುತ್ತಲೇ ಇರಲಿಲ್ಲ. ರಾತ್ರಿ ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಕೆಂಡದ ಹಾಗೆ ಮಂಕಾಗಿ ಕಾಣುತ್ತಿತ್ತು. ಸ್ವಲ್ಪ ರೇಸ್ ಕೊಟ್ಟರೆ ಮಾಯ. ಇಲ್ಲಿ ಒಂದು ಮಾತು. ಆ ದೀಪದ ಮೇಲೆ ಬ್ಯಾಟರಿಯ ಚಿತ್ರ ಇರುತ್ತದೆ, ಹಾಗಾಗಿ ಎಲ್ಲರೂ ಬ್ಯಾಟರಿಯನ್ನೇ ಬೈಯುತ್ತಾರೆ. ನಿಜವಾಗಿ ಅದು ಚಾರ್ಜಿಂಗ್ ದೀಪ. ನನ್ನ ಕಾರಿನಂಥ ಹಳೆಯ ವೈರಿಂಗ್‌ನಲ್ಲಿ ಆ ದೀಪದ ಒಂದು ತುದಿ ಬ್ಯಾಟರಿಯ ಕಡೆಗೆ, ಇನ್ನೊಂದು ತುದಿ ಆಲ್ಟರ್ನೇಟರ್ ಕಡೆಗೆ. ಎರಡೂ ಕಡೆ ವೋಲ್ಟೇಜ್ ಸಮ ಇದ್ದರೆ ದೀಪ ಉರಿಯುವುದಿಲ್ಲ. ಆಲ್ಟರ್ನೇಟರ್ ಸ್ವಲ್ಪ ಹಿಂದೆ ಬಿದ್ದರೆ ದೀಪವೂ ಸ್ವಲ್ಪ ಉರಿಯುತ್ತದೆ. ಮಂಕು ದೀಪವನ್ನು ದಯವಿಟ್ಟು ಕಡೆಗಣಿಸಬೇಡಿ. ಇನ್ನೊಂದು, ಕೀ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡದೆ ಇದ್ದಾಗ ಆ ದೀಪ ಉರಿಯಲೇಬೇಕು. ಆಗಲೂ ಉರಿಯದಿದ್ದರೆ ದೀಪವೋ ಅದರ ವೈರೋ ಹೋಗಿರಬಹುದು. ಕೆಲವು ಹಳೆಯ ಕಾರುಗಳಲ್ಲಿ ಆ ದೀಪದ ಮೂಲಕ ಹೋಗುವ ಚೂರು ಕರೆಂಟಿನಿಂದಲೇ ಆಲ್ಟರ್ನೇಟರ್ ಕೆಲಸ ಶುರು ಮಾಡುವುದು.

ಒಂದು ಬೆಳಿಗ್ಗೆ ಸೆಲ್ಫ್ ನಿಧಾನವಾಗಿ ತಿರುಗಿತು. ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ನೇರವಾಗಿ ಬ್ಯಾಟರಿ ಅಂಗಡಿಗೆ ಹೋದೆ. “ಎಷ್ಟು ವರ್ಷ ಆಯ್ತು ಸಾರ್ ಹಾಕಿಸಿ?” ಅಂದರು. ನಾಲ್ಕು ಅಂದೆ. “ಹಾಗಾದ್ರೆ ಆಯಸ್ಸು ಮುಗೀತು ಬಿಡಿ.” ಯಾರೂ ಏನೂ ಅಳೆಯಲಿಲ್ಲ. ನಾನೂ ಕೇಳಲಿಲ್ಲ. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ಹಾಕಿಸಿಕೊಂಡು ಬಂದೆ. ಮರುದಿನ ಸೆಲ್ಫ್ ಪಟ್ ಅಂತ ತಿರುಗಿತು. ರಾತ್ರಿ ಹೊತ್ತು ಆ ಮಂಕು ದೀಪ ಆಗಲೂ ಇತ್ತು. ಹೊಸ ಬ್ಯಾಟರಿ ತಾನೇ, ಒಂದೆರಡು ದಿನದಲ್ಲಿ ಹೋಗುತ್ತದೆ ಅಂದುಕೊಂಡೆ. ಈಗ ಯೋಚಿಸಿದರೆ, ಹೊಸ ಬ್ಯಾಟರಿ ತನ್ನೊಳಗೆ ತುಂಬಿಕೊಂಡು ಬಂದಿದ್ದನ್ನೇ ಖರ್ಚು ಮಾಡುತ್ತಾ ನನ್ನನ್ನು ಓಡಿಸುತ್ತಿತ್ತು. ಆಲ್ಟರ್ನೇಟರ್ ವಾಪಸ್ ತುಂಬುತ್ತಿದ್ದದ್ದು ತೀರಾ ಕಡಿಮೆ. ನಾನು ಓಡಿಸುತ್ತಿದ್ದದ್ದೂ ಕಡಿಮೆ ದೂರ, ಅದೂ ಹಗಲು ಹೊತ್ತು. ಹಾಗಾಗಿ 11 ದಿನ ನಡೆಯಿತು.

ಹನ್ನೊಂದನೇ ದಿನ ಅಮ್ಮನನ್ನು ಕಣ್ಣಿನ ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ಒಂದು ಕಣ್ಣಿನ ಆಪರೇಷನ್ ಆಗಿ ಎರಡು ವಾರ. ವಾಪಸ್ ಹೊರಟಾಗ ಕತ್ತಲಾಗಿತ್ತು, ಮಳೆ ಬೇರೆ. ಹೆಡ್‌ಲೈಟ್, ವೈಪರ್, ಗಾಜಿನ ಮಂಜು ಹೋಗಲು ಬ್ಲೋವರ್, ಹಿಂದಿನ ಗಾಜಿನ ಹೀಟರ್, ಎಲ್ಲವೂ ಒಟ್ಟಿಗೆ ಆನ್. ಅರ್ಧ ದಾರಿಗೆ ಬರುವಾಗ ವೈಪರ್ ಸುಸ್ತಾದವರ ಹಾಗೆ ಓಡಾಡತೊಡಗಿತು. ಹೆಡ್‌ಲೈಟ್ ಹಳದಿಯಾಯಿತು. ರೇಡಿಯೋ ತಾನಾಗಿ ಆಫ್ ಆಯಿತು. ಆಮೇಲೆ ಎಬಿಎಸ್ ದೀಪ, ಏರ್‌ಬ್ಯಾಗ್ ದೀಪ ಒಂದಾದ ಮೇಲೊಂದು ಹತ್ತಿಕೊಂಡವು. ಸ್ಟಿಯರಿಂಗ್ ಕಲ್ಲಿನಂತೆ ಗಟ್ಟಿಯಾಯಿತು. ನನ್ನ ಕಾರಿನ ಪವರ್ ಸ್ಟಿಯರಿಂಗ್ ಕರೆಂಟಿನಿಂದ ನಡೆಯುವಂಥದ್ದು. ಬದಿಗೆ ತೆಗೆದುಕೊಳ್ಳುವಷ್ಟರಲ್ಲಿ ಎಂಜಿನ್ ನಿಂತಿತು.

ಎಂಜಿನ್ ಒಂದು ಸಲ ಸ್ಟಾರ್ಟ್ ಆದ ಮೇಲೆ ಬ್ಯಾಟರಿ ಬೇಕಾಗಿಲ್ಲ ಅಂತ ನಾನು ನಂಬಿದ್ದೆ. ಅದು ತಪ್ಪು. ಪೆಟ್ರೋಲ್ ಪಂಪ್, ಇಂಜೆಕ್ಟರ್, ಸ್ಪಾರ್ಕ್, ಎಂಜಿನ್ ಕಂಪ್ಯೂಟರ್, ಎಲ್ಲದಕ್ಕೂ ಕರೆಂಟ್ ಬೇಕು. ಆಲ್ಟರ್ನೇಟರ್ ಕೊಡದಿದ್ದರೆ ಬ್ಯಾಟರಿಯಿಂದ ಎಳೆಯುತ್ತದೆ. ಬ್ಯಾಟರಿ ಖಾಲಿಯಾದರೆ ಎಂಜಿನ್ ನಿಲ್ಲುತ್ತದೆ. ನಿಮಗೆ ಓಡಿಸುವಾಗ ಬ್ಯಾಟರಿ ದೀಪ ಹತ್ತಿದರೆ ಎಸಿ, ಬ್ಲೋವರ್, ರೇಡಿಯೋ, ಫೋನ್ ಚಾರ್ಜರ್, ಹಿಂದಿನ ಗಾಜಿನ ಹೀಟರ್ ಎಲ್ಲ ಆಫ್ ಮಾಡಿ. ಹತ್ತಿರದಲ್ಲಿ ಸುರಕ್ಷಿತ ಜಾಗ ಇದ್ದರೆ ಅಲ್ಲಿವರೆಗೆ ಮಾತ್ರ ಹೋಗಿ. ದಾರಿಯಲ್ಲಿ ಎಂಜಿನ್ ಆಫ್ ಮಾಡಬೇಡಿ, ಮತ್ತೆ ಸ್ಟಾರ್ಟ್ ಆಗದೇ ಇರಬಹುದು. ಆದರೆ ದೀಪದ ಜೊತೆ ಎಂಜಿನ್ ಬಿಸಿಯ ಮುಳ್ಳೂ ಏರಿದರೆ ತಕ್ಷಣ ನಿಲ್ಲಿಸಿ. ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಹರಿದಿರಬಹುದು. ಎಷ್ಟೋ ಕಾರುಗಳಲ್ಲಿ ಎಂಜಿನ್ ತಂಪು ಮಾಡುವ ನೀರಿನ ಪಂಪೂ ಅದೇ ಬೆಲ್ಟಿನಿಂದ ತಿರುಗುವುದು.

ಮಳೆಯಲ್ಲಿ ಅಪಾಯದ ದೀಪ ಕೂಡ ಸರಿಯಾಗಿ ಮಿನುಗುತ್ತಿರಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗ. ಹಿಂದಿನಿಂದ ಬರುವವರಿಗೆ ನಾವು ಕಾಣುತ್ತೇವೋ ಇಲ್ಲವೋ. ಅಮ್ಮ ಮಾತ್ರ “ಗಾಬರಿ ಬೀಳಬೇಡ ಕಣೋ, ಯಾರಾದ್ರೂ ಬರ್ತಾರೆ” ಅನ್ನುತ್ತಾ ಕೂತಿದ್ದರು. ಒಬ್ಬ ಲಾರಿ ಡ್ರೈವರ್ ನಿಲ್ಲಿಸಿದರು. ನನ್ನ ಡಿಕ್ಕಿಯಲ್ಲಿ ಜಂಪ್ ಕೇಬಲ್ ಇತ್ತು, ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟ್ ತೆಗೆದುಕೊಂಡು ಸ್ಟಾರ್ಟ್ ಮಾಡಲು. ತೆಗೆದೆ. ಅವರು ನೋಡಿ ಕೈ ಅಡ್ಡ ಹಿಡಿದರು. “ಬೇಡ ಅಣ್ಣಾ, ನಂದು 24 ವೋಲ್ಟು. ನಿಮ್ಮ ಕಾರಿಗೆ ಕೊಟ್ರೆ ಎಲ್ಲಾ ಸುಟ್ಟುಹೋಗುತ್ತೆ.” ಎಂಥ ಅನಾಹುತ ತಪ್ಪಿತು ಅಂತ ಆಮೇಲೆ ಅರಿವಾಯಿತು. ಕಾರುಗಳದ್ದು 12 ವೋಲ್ಟ್, ದೊಡ್ಡ ಲಾರಿಗಳದ್ದು ಸಾಮಾನ್ಯವಾಗಿ 24. ಅವರು ಲಾರಿಯನ್ನು ನಮ್ಮ ಹಿಂದೆ ನಿಲ್ಲಿಸಿ, ದೀಪ ಮಿನುಗಿಸುತ್ತಾ, ಒಂದು ಕಾರು ಬಂದು ನಿಲ್ಲುವವರೆಗೆ ಕಾದರು. ಹೆಸರು ಕೇಳುವಷ್ಟರಲ್ಲಿ ಹೊರಟಿದ್ದರು. ಆ ಮನುಷ್ಯನಿಗೆ ನಾನು ಋಣಿ.

ಆ ಕಾರಿನ ಬ್ಯಾಟರಿಯಿಂದ ಜಂಪ್ ತೆಗೆದುಕೊಂಡೆವು. ಕೇಬಲ್ ಹಾಕುವ ಕ್ರಮ ಹೀಗೆ. ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಕಪ್ಪಿನ ಕೊನೆಯ ತುದಿ ಸತ್ತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕೊನೆಯದನ್ನು ಹಾಕುವಾಗ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಬರುವ ಹೈಡ್ರೋಜನ್ ಅನಿಲಕ್ಕೆ ಆ ಕಿಡಿ ತಾಗಬಾರದು. ತೆಗೆಯುವಾಗ ಇದರ ಉಲ್ಟಾ.

ಸ್ಟಾರ್ಟ್ ಆಯಿತು. ಆದರೆ ಹತ್ತು ನಿಮಿಷಕ್ಕೆ ಮತ್ತೆ ನಿಂತಿತು. ಜಂಪ್ ಕೊಟ್ಟು ಸ್ಟಾರ್ಟ್ ಆದ ಕಾರು ಕೇಬಲ್ ತೆಗೆದ ಮೇಲೆ ಸ್ವಲ್ಪದರಲ್ಲೇ ನಿಂತರೆ ಚಾರ್ಜಿಂಗ್ ಮೇಲೇ ಅನುಮಾನ ಪಡಿ. ಆವತ್ತು ಅಮ್ಮನನ್ನು ಬೇರೆ ಗಾಡಿಯಲ್ಲಿ ಮನೆಗೆ ಕಳಿಸಿ, ಟೋ ಮಾಡುವವರಿಗಾಗಿ ಎರಡೂವರೆ ಗಂಟೆ ಕಾದೆ. ನಿಮ್ಮ ಇನ್ಶೂರೆನ್ಸ್ ಪಾಲಿಸಿಯಲ್ಲಿ ರಸ್ತೆ ಬದಿ ಸಹಾಯ ಸೇರಿದೆಯೋ ಇಲ್ಲವೋ ಈಗಲೇ ನೋಡಿಡಿ. ನನ್ನದರಲ್ಲಿ ಇತ್ತು. ಅದು ನೆನಪಾದದ್ದು ಟೋ ದುಡ್ಡು ಕೈಯಿಂದ ಕೊಟ್ಟ ಮೇಲೆ.

ಮರುದಿನ ಕಾರು ಸೇರಿದ ಗ್ಯಾರೇಜಿನಲ್ಲಿ ಇನ್ನೊಂದು ಆತಂಕ. ಅಲ್ಲಿನ ಹುಡುಗ ಬೇರೆ ಬ್ಯಾಟರಿ ತಗುಲಿಸಿ ಸ್ಟಾರ್ಟ್ ಮಾಡಿದ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಬಿಚ್ಚಲು ಸ್ಪ್ಯಾನರ್ ಹಾಕಿದ. ಬಿಚ್ಚಿದ ಮೇಲೂ ಎಂಜಿನ್ ಓಡಿದರೆ ಆಲ್ಟರ್ನೇಟರ್ ಸರಿ ಇದೆ, ನಿಂತರೆ ಕೆಟ್ಟಿದೆ ಅನ್ನುವ ಹಳೆಯ ಪರೀಕ್ಷೆ ಅದು. ನಾನು ಬೇಡ ಅಂದೆ. ಇದೊಂದು ವಿಷಯ ಮಾತ್ರ ಎಲ್ಲೋ ಓದಿ ತಿಳಿದಿದ್ದೆ. ಆಲ್ಟರ್ನೇಟರ್‌ನಿಂದ ಬರುವ ಏರಿಳಿತವನ್ನು ಬ್ಯಾಟರಿ ಹೀರಿಕೊಂಡು ಸಮ ಮಾಡುತ್ತಿರುತ್ತದೆ. ಅದನ್ನು ಒಮ್ಮೆಲೇ ಕಿತ್ತರೆ ವೋಲ್ಟೇಜ್ ಕ್ಷಣಮಾತ್ರದಲ್ಲಿ ಹತ್ತಾರು ವೋಲ್ಟ್‌ಗೆ ಜಿಗಿಯಬಹುದು. ಎಂಜಿನ್ ಕಂಪ್ಯೂಟರ್ ಸುಡಬಹುದು. ಒಳ್ಳೆಯ ಆಲ್ಟರ್ನೇಟರ್ ಕೂಡ ಹಾಳಾಗಬಹುದು. ನಿಮ್ಮ ಕಾರಿಗೆ ಯಾರೂ ಇದನ್ನು ಮಾಡಲು ಬಿಡಬೇಡಿ.

ಅಲ್ಲಿಂದ ಕಾರನ್ನು ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಸಾಗಿಸಿದೆ. ಹಿರಿಯರು. ಅವರು ಬಾನೆಟ್ ಎತ್ತಿದವರೇ ಏನನ್ನೂ ಬಿಚ್ಚಲಿಲ್ಲ. “ಮೊದಲು ಬ್ಯಾಟರಿ ತುಂಬಿಸೋಣ ಸಾರ್. ಖಾಲಿ ಬ್ಯಾಟರಿ ಇಟ್ಕೊಂಡು ಏನು ಅಳೆದ್ರೂ ಸುಳ್ಳೇ ಬರುತ್ತೆ” ಅಂದರು. ಆಗ ಬ್ಯಾಟರಿಯಲ್ಲಿ 11.7 ವೋಲ್ಟ್ ಇತ್ತು. ರಾತ್ರಿಯಿಡೀ ಚಾರ್ಜರ್‌ಗೆ ಹಾಕಿದರು. ಒಂದು ದಿನ ಹೋಯಿತು, ಆದರೆ ಇಡೀ ಕಥೆಯಲ್ಲಿ ವ್ಯರ್ಥವಾಗದ ಒಂದು ದಿನ ಅದು.

ಮರುದಿನ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೊಂದಾಗಿ ತೋರಿಸಿದರು. ಇದನ್ನು ಯಾರು ಬೇಕಾದರೂ ಮಾಡಬಹುದು. ಸಾಧಾರಣ ಮಲ್ಟಿಮೀಟರ್ ಸಾಕು. ಮೀಟರನ್ನು ಡಿಸಿ ವೋಲ್ಟ್‌ಗೆ, 20ರ ಮನೆಗೆ ತಿರುಗಿಸಿ. ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ ಮೇಲೆ, ಕಪ್ಪು ಮೈನಸ್ ಮೇಲೆ. ಮೀಟರಿನ ವೈರೂ ನಿಮ್ಮ ತೋಳೂ ತಿರುಗುವ ಫ್ಯಾನು, ಬೆಲ್ಟಿನ ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಎಂಜಿನ್ ಆಫ್ ಇದ್ದು ಕಾರು ಕೆಲವು ಗಂಟೆ ನಿಂತಿದ್ದರೆ ತುಂಬಿದ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. ಒಳಗೆ ಆರು ಸೆಲ್, ಒಂದೊಂದಕ್ಕೆ 2.1 ವೋಲ್ಟ್. 12.4 ಇದ್ದರೆ ಮುಕ್ಕಾಲು ಭಾಗ ತುಂಬಿದೆ, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಹೋದರೆ ಖಾಲಿಯ ಹತ್ತಿರ ಅಂತಲೇ ತಿಳಿಯಿರಿ. ಅಂಕಿಯಲ್ಲಿ ಚೂರು ವ್ಯತ್ಯಾಸ, ಆದರೆ ಅರ್ಥ ಬಹಳ. ನನ್ನದು ಚಾರ್ಜ್ ಆದ ಮೇಲೆ 12.6. ಸೆಲ್ಫ್ ಹೊಡೆಯುವಾಗ 10.4ಕ್ಕೆ ಇಳಿದು ಮೇಲೆ ಬಂತು. 9.6ಕ್ಕಿಂತ ಕೆಳಗೆ ಹೋಗದಿದ್ದರೆ ಬ್ಯಾಟರಿ ತಡೆಯುತ್ತಿದೆ ಅಂತ ಅರ್ಥ. ಅಲ್ಲಿಗೆ ಬ್ಯಾಟರಿ ಪಾರಾಯಿತು.

ಎಂಜಿನ್ ಓಡುವಾಗ ಬರಬೇಕಾದದ್ದು 13.8ರಿಂದ 14.5. ನನ್ನದು 12.3 ತೋರಿಸಿ ಮೆಲ್ಲಗೆ ಇಳಿಯುತ್ತಿತ್ತು. ನಿಮಿಷಕ್ಕೆ 2000 ಸುತ್ತು ಬರುವಂತೆ ರೇಸ್ ಕೊಟ್ಟಾಗ 12.9. ಹೆಡ್‌ಲೈಟ್, ಬ್ಲೋವರ್, ಹಿಂದಿನ ಹೀಟರ್ ಹಾಕಿದ ಕೂಡಲೇ 12.1. ಎಂಜಿನ್ ಓಡುತ್ತಿದ್ದರೂ ಬ್ಯಾಟರಿ ಖಾಲಿಯಾಗುತ್ತಿತ್ತು! ಅಂಕಿಯನ್ನು ಕಣ್ಣಾರೆ ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಇಷ್ಟು ಸುಲಭಕ್ಕೆ ಗೊತ್ತಾಗುವ ವಿಷಯಕ್ಕೆ ಅಮ್ಮನನ್ನು ಮಳೆಯಲ್ಲಿ ಕೂರಿಸಿದೆನಲ್ಲ ಅಂತ.

15 ವೋಲ್ಟ್ ದಾಟಿದರೂ ಅದು ಕಾಯಿಲೆಯೇ. ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿರುತ್ತದೆ. ಬ್ಯಾಟರಿ ಕುದಿಯುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಬಲ್ಬುಗಳು ಪದೇ ಪದೇ ಸುಡುತ್ತವೆ. ಇನ್ನು ಹೊಸ ಕಾರುಗಳಿರುವವರಿಗೆ: ಕೆಲವು ಕಾರುಗಳಲ್ಲಿ ಎಷ್ಟು ಚಾರ್ಜ್ ಮಾಡಬೇಕು ಅಂತ ಎಂಜಿನ್ ಕಂಪ್ಯೂಟರ್ ನಿರ್ಧರಿಸುತ್ತದೆ. ಪೆಟ್ರೋಲ್ ಉಳಿಸಲು ಬೇಕೆಂದೇ 12.8ಕ್ಕೂ ಇಳಿಸುತ್ತದೆ. ಒಂದು ಅಂಕಿ ನೋಡಿ ಹೆದರಬೇಡಿ. ಹೆಡ್‌ಲೈಟ್ ಹಾಕಿ, ಬ್ಲೋವರ್ ಹಾಕಿ, ಸ್ವಲ್ಪ ಹೊತ್ತು ನೋಡಿ.

ಆಮೇಲೆ ಅವರು ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿದರು. ಬ್ಯಾಟರಿಯ ಮೇಲೆ ಎಸಿ ಯಾಕೆ ಅಂತ ಕೇಳಿದೆ. ಆಲ್ಟರ್ನೇಟರ್ ಮೂಲದಲ್ಲಿ ಹುಟ್ಟಿಸುವುದು ಎಸಿ ಕರೆಂಟನ್ನೇ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್. ಒಳಗಿರುವ ಡಯೋಡ್‌ಗಳು ಅದನ್ನು ಒಂದೇ ದಿಕ್ಕಿಗೆ ಹರಿಯುವ ಡಿಸಿ ಮಾಡಿ ಹೊರಗೆ ಬಿಡುತ್ತವೆ. ಡಯೋಡ್ ಹೋದರೆ ಎಸಿ ಸೋರಿ ಬರುತ್ತದೆ. ಅರ್ಧ ವೋಲ್ಟ್ ದಾಟಬಾರದು. ನನ್ನದು 0.9. “ರೇಡಿಯೋದಲ್ಲಿ ಸದ್ದು ಬರ್ತಿತ್ತಾ?” ಅಂತ ಅವರೇ ಕೇಳಿದರು. ನಾನು ಹೇಳಿರಲೇ ಇಲ್ಲ.

ಕೆಟ್ಟ ಡಯೋಡ್ ಇನ್ನೊಂದು ಕೆಲಸ ಮಾಡಬಹುದು. ಕಾರು ನಿಂತಾಗ ಬ್ಯಾಟರಿಯ ಕರೆಂಟನ್ನು ಉಲ್ಟಾ ಆಲ್ಟರ್ನೇಟರ್ ಒಳಕ್ಕೆ ಹರಿಯಲು ಬಿಡುತ್ತದೆ. ರಾತ್ರಿಯೆಲ್ಲ ನಿಂತ ಕಾರಿನ ಆಲ್ಟರ್ನೇಟರ್ ಬೆಳಿಗ್ಗೆ ಮುಟ್ಟಿದರೆ ಬೆಚ್ಚಗಿದ್ದರೆ ಅದೇ ಕಳ್ಳ.

ಬಿಚ್ಚಿ ತೆಗೆಯಲು ಎರಡು ಗಂಟೆ ಹಿಡಿಯಿತು. ಮೊದಲು ಬ್ಯಾಟರಿಯ ಮೈನಸ್ ತೆಗೆದು ಬದಿಗಿಟ್ಟರು. ಮನೆಯಲ್ಲೇ ಮಾಡುವವರಿದ್ದರೆ ಈ ಹೆಜ್ಜೆ ಬಿಡಲೇಬೇಡಿ. ಆಲ್ಟರ್ನೇಟರ್ ಹಿಂದಿನ ದಪ್ಪ ವೈರು ನೇರವಾಗಿ ಬ್ಯಾಟರಿಯ ಪ್ಲಸ್‌ಗೆ ಹೋಗುತ್ತದೆ. ಕೀ ತೆಗೆದಿದ್ದರೂ ಅದರಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಸ್ಪ್ಯಾನರ್ ಅದಕ್ಕೂ ಎಂಜಿನ್ನಿಗೂ ಒಟ್ಟಿಗೆ ತಾಗಿದರೆ ಸ್ಪ್ಯಾನರ್ ಕಾದು ಕೆಂಪಾಗುತ್ತದೆ, ಕೈ ಸುಡುತ್ತದೆ. ಬೆಲ್ಟ್ ತೆಗೆಯುವ ಮೊದಲು ಅದು ಯಾವ ಪುಲ್ಲಿಯ ಮೇಲೆ, ಯಾವುದರ ಕೆಳಗೆ ಹೋಗುತ್ತದೆ ಅಂತ ಫೋಟೋ ತೆಗೆದುಕೊಂಡೆವು. ಕೆಳಗಿನ ಬೋಲ್ಟ್ ತುಕ್ಕು ಹಿಡಿದು ಅಲ್ಲಾಡಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಇಪ್ಪತ್ತು ನಿಮಿಷ ಬಿಟ್ಟರು. ಜೋರು ಮಾಡಿದ್ದರೆ ಮುರಿಯುತ್ತಿತ್ತು. ವೈರುಗಳನ್ನು ಜೋಡಿಸುವ ಕಪ್ಲರಿನ ಪ್ಲಾಸ್ಟಿಕ್ ಲಾಕ್ ಬಿಸಿಗೆ ಒಣಗಿ ಕಡ್ಡಿಯ ಹಾಗಾಗಿತ್ತು. ಅದನ್ನು ಬಿಡಿಸಲು ಅವರು ತೆಗೆದುಕೊಂಡ ತಾಳ್ಮೆ ನೋಡಿ ನಾನೇ ಮಾಡುತ್ತೇನೆ ಅಂತ ಹೊರಡದೇ ಇದ್ದದ್ದು ಒಳ್ಳೆಯದಾಯಿತು ಅನ್ನಿಸಿತು.

ಹೊರಗೆ ಬಂದ ಆಲ್ಟರ್ನೇಟರ್ ಎಣ್ಣೆಯಲ್ಲಿ ಮಿಂದಿತ್ತು. ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟ್‌ನಿಂದ ಎಂಜಿನ್ ಆಯಿಲ್ ತೊಟ್ಟಿಕ್ಕಿ ನೇರ ಇದರ ಮೇಲೆ ಬೀಳುತ್ತಿತ್ತು. ಬಿಚ್ಚಿ ನೋಡಿದರೆ ಕಾರ್ಬನ್ ಬ್ರಷ್ ಸವೆದು ಮೊಂಡಾಗಿತ್ತು, ಅದು ಉಜ್ಜುವ ತಾಮ್ರದ ಉಂಗುರಗಳಲ್ಲಿ ಗೀರು ಬಿದ್ದಿತ್ತು, ಒಂದು ಡಯೋಡ್ ಸುಟ್ಟಿತ್ತು. ಬರೀ ಬ್ರಷ್ಷು, ಡಯೋಡ್ ಪ್ಲೇಟು, ಬೇರಿಂಗ್ ಆದರೆ ರಿಪೇರಿ ಮಾಡಬಹುದು. ಹೊಸದಕ್ಕಿಂತ ಬಹಳ ಕಡಿಮೆಯಲ್ಲಿ ಮುಗಿಯುತ್ತದೆ. ಒಳ್ಳೆಯ ಕೈಯಲ್ಲಿ ಆದರೆ ಅದೇ ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ. ನನ್ನದರಲ್ಲಿ ಒಳಗಿನ ತಾಮ್ರದ ತಂತಿಯ ಸುತ್ತು, ಅಂದರೆ ವೈಂಡಿಂಗೂ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿತ್ತು. “ಇದಕ್ಕೆ ದುಡ್ಡು ಹಾಕ್ಬೇಡಿ ಸಾರ್” ಅಂದರು. ಹೊಸದೇ ತರಿಸುವುದು ಅಂತ ಆಯಿತು. ಹಳೆಯದನ್ನು ವಾಪಸ್ ಕೊಟ್ಟರೆ ಸ್ವಲ್ಪ ಕಡಿತ ಸಿಗುತ್ತದೆ. ಆದರೆ ಹೊಸದು ಬಂದು ಕೂತು ಓಡುವವರೆಗೆ ಹಳೆಯದನ್ನು ಯಾರಿಗೂ ಕೊಡಬೇಡಿ. ಯಾಕೆ ಅಂತ ಹೇಳುತ್ತೇನೆ.

ಆರು ದಿನ ಕಾದ ಮೇಲೆ ಬಿಡಿಭಾಗ ಬಂತು. ಡಬ್ಬದ ಮೇಲೆ ನನ್ನ ಕಾರಿನ ಹೆಸರೇ ಇತ್ತು. ಪಕ್ಕದಲ್ಲಿ ಹಳೆಯದನ್ನು ಇಟ್ಟು ನೋಡಿದರೆ ಕಪ್ಲರ್ ಬೇರೆ. ಹಳೆಯದರಲ್ಲಿ ಮೂರು ಪಿನ್, ಇದರಲ್ಲಿ ಎರಡು. ಹಳೆಯದು 90 ಆಂಪಿಯರ್, ಇದು 75. ಒಂದೇ ಮಾಡೆಲ್ ಕಾರಿನಲ್ಲೂ ವರ್ಷಕ್ಕೆ ತಕ್ಕಂತೆ, ಎಂಜಿನ್ನಿಗೆ ತಕ್ಕಂತೆ ಬೇರೆ ಬೇರೆ ಆಲ್ಟರ್ನೇಟರ್ ಇರುತ್ತವಂತೆ. ಕಾರಿನ ಹೆಸರು ಹೇಳಿ ಆರ್ಡರ್ ಮಾಡಿದ್ದೇ ನಮ್ಮ ತಪ್ಪು. ಆಲ್ಟರ್ನೇಟರ್ ಮೈ ಮೇಲಿನ ಸ್ಟಿಕ್ಕರಿನಲ್ಲಿ ಪಾರ್ಟ್ ನಂಬರ್ ಇರುತ್ತದೆ. ಎಣ್ಣೆ ಒರೆಸಿ ಫೋಟೋ ತೆಗೆದು ಕಳಿಸಿ. ಜೊತೆಗೆ ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಡಿ. ಪಿನ್ ಎಷ್ಟು, ಆಂಪಿಯರ್ ಎಷ್ಟು, ಪುಲ್ಲಿಯಲ್ಲಿ ಗೆರೆ ಎಷ್ಟು, ಬೋಲ್ಟ್ ಕಿವಿಗಳು ಎಲ್ಲಿವೆ, ಎಲ್ಲವನ್ನೂ ಹಳೆಯದರ ಜೊತೆ ಹೋಲಿಸಿ ನೋಡಿಯೇ ದುಡ್ಡು ಕೊಡಿ. ಆಂಪಿಯರ್ ಕಡಿಮೆ ಇರುವುದನ್ನು ಒಪ್ಪಲೇಬೇಡಿ.

ವಾಪಸ್ ಮಾಡುವಾಗ ಬಿಲ್ ಕೇಳಿದರು. ನನ್ನ ಹತ್ತಿರ ಬರೀ ಚೀಟಿ ಇತ್ತು. ಒಂದಷ್ಟು ವಾದ ಆಯಿತು. ಎಲೆಕ್ಟ್ರಿಷಿಯನ್ ಮಾತಾಡಿ ಸರಿ ಮಾಡಿದರು. ಸರಿಯಾದದ್ದು ಬರಲು ಇನ್ನೂ ನಾಲ್ಕು ದಿನ. ಈ ಹತ್ತು ದಿನ ಕಾರಿಲ್ಲದೆ ಆಫೀಸಿಗೆ ಓಡಾಡಿದ ಖರ್ಚೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಯಾರೂ ಅದನ್ನು ಮೊದಲೇ ಹೇಳುವುದಿಲ್ಲ.

ಕಾಯುವ ದಿನಗಳಲ್ಲಿ ಗ್ಯಾಸ್ಕೆಟ್ ಬದಲಾಯಿಸಿ ಆಯಿಲ್ ಸೋರುವುದನ್ನು ನಿಲ್ಲಿಸಿದೆವು. ಅದನ್ನು ಬಿಟ್ಟಿದ್ದರೆ ಹೊಸ ಆಲ್ಟರ್ನೇಟರಿಗೂ ಅದೇ ಗತಿ. ಬೆಲ್ಟಿನ ಒಳಮೈ ಹೊಳಪಾಗಿ ಸಣ್ಣ ಬಿರುಕು ಬಿಟ್ಟಿತ್ತು, ಅದನ್ನೂ ಬದಲಾಯಿಸಿದೆವು. ಹೊಳೆಯುವ ಬೆಲ್ಟ್ ಜಾರುತ್ತದೆ, ಜಾರಿದರೆ ಚಾರ್ಜ್ ಕಡಿಮೆ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಕೈಯಲ್ಲಿ ತಿರುಗಿಸಿ ನೋಡಿದರು, ಸದ್ದಿಲ್ಲ, ಹಾಗೇ ಬಿಟ್ಟರು.

ಸರಿಯಾದ ಆಲ್ಟರ್ನೇಟರ್ ಬಂತು, ಕೂತಿತು, ಬೆಲ್ಟ್ ಪುಲ್ಲಿಯ ಗೆರೆಗಳಲ್ಲಿ ನೇರವಾಗಿ ಕೂತಿದೆಯಾ ಅಂತ ಬ್ಯಾಟರಿ ಟಾರ್ಚ್ ಹಿಡಿದು ನೋಡಿದರು. ಬ್ಯಾಟರಿಯನ್ನು ಮತ್ತೆ ಹೊರಗೆ ಚಾರ್ಜ್ ಮಾಡಿ ತಂದಿದ್ದರು. ಖಾಲಿ ಬ್ಯಾಟರಿ ಹಾಕಿ ಹೊಸ ಆಲ್ಟರ್ನೇಟರಿಗೆ ತುಂಬಿಸು ಅಂದರೆ ಅದು ಪೂರ್ತಿ ಬಲ ಹಾಕಿ ಗಂಟೆಗಟ್ಟಲೆ ದುಡಿದು ಬಿಸಿಯಾಗುತ್ತದೆ. ಹೊಸದನ್ನು ಮೊದಲ ದಿನವೇ ಸುಡುವ ದಾರಿ ಅದು. ಸ್ಟಾರ್ಟ್ ಮಾಡಿದರು. 14.2. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಹೆಡ್‌ಲೈಟ್, ಬ್ಲೋವರ್, ಹೀಟರ್, ಹೀಗೆ ಕರೆಂಟ್ ಎಳೆಯುವ ಎಲ್ಲ ಲೋಡ್ ಹಾಕಿದರು. ಬ್ಯಾಟರಿಯ ಮೇಲೆ 13.5.

ಅಷ್ಟಿದ್ದರೆ ಪರವಾಗಿಲ್ಲವೇನೋ ಅಂದೆ. ಕಾರು ಸಿಕ್ಕರೆ ಸಾಕಾಗಿತ್ತು. ಅವರು ಒಪ್ಪಲಿಲ್ಲ. ಮೀಟರನ್ನು ಆಲ್ಟರ್ನೇಟರ್ ಹಿಂಬದಿಯ ಪ್ಲಸ್ಸಿಗೂ ಅದರ ಮೈಗೂ ಹಿಡಿದರು. 14.3 ಇತ್ತು. ಅಂದರೆ ಆಲ್ಟರ್ನೇಟರ್ ಕೊಡುತ್ತಿದೆ, ಬ್ಯಾಟರಿಗೆ ತಲುಪುತ್ತಿಲ್ಲ. 0.8 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಎಲ್ಲಿ ಅಂತ ಹುಡುಕುವ ಕ್ರಮ ಬಹಳ ಚೆನ್ನಾಗಿದೆ, ಕೇಳಿ. ಎಂಜಿನ್ ಓಡುತ್ತಾ, ಲೋಡ್ ಆನ್ ಇರುವಾಗ, ಒಂದು ಕಡ್ಡಿ ಆಲ್ಟರ್ನೇಟರ್ ಪ್ಲಸ್ಸಿಗೆ, ಇನ್ನೊಂದು ಬ್ಯಾಟರಿ ಪ್ಲಸ್ಸಿಗೆ. 0.15 ಬಂತು. 0.2ರ ಒಳಗಿದ್ದರೆ ವೈರು ಸರಿ ಇದೆ. ಆಮೇಲೆ ಒಂದು ಕಡ್ಡಿ ಆಲ್ಟರ್ನೇಟರಿನ ಮೈಗೆ, ಇನ್ನೊಂದು ಬ್ಯಾಟರಿ ಮೈನಸ್ಸಿಗೆ. 0.65! ಅರ್ತ್ ಕಡೆ, ಅಂದರೆ ಬ್ಯಾಟರಿಯ ಮೈನಸ್ಸಿಗೆ ಕರೆಂಟ್ ಹರಿಯುವ ದಾರಿಯಲ್ಲಿ ತೊಂದರೆ.

ಎಂಜಿನ್ನನ್ನು ಕಾರಿನ ಬಾಡಿಯ ಜೊತೆ ಜೋಡಿಸುವ ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಅದರ ಬೋಲ್ಟ್ ಕೆಳಗೆ ಹಸಿರು ಕಿಲುಬು. ಅರ್ಧದಷ್ಟು ಎಳೆಗಳು ತುಂಡಾಗಿದ್ದವು. ಎಂಜಿನ್ ಅಡಿಯಲ್ಲಿ, ನೀರು ಕೆಸರು ಹಾರುವ ಜಾಗ. ಒಂಬತ್ತು ವರ್ಷದಲ್ಲಿ ಯಾರೂ ಅತ್ತ ನೋಡಿರಲಿಲ್ಲ. “ಮೊದಲೇ ಯಾಕೆ ಕಾಣಲಿಲ್ಲ?” ಅಂತ ಕೇಳಿದೆ. ಹಳೆಯ ಆಲ್ಟರ್ನೇಟರ್ ಕರೆಂಟನ್ನೇ ಕೊಡುತ್ತಿರಲಿಲ್ಲ. ಹರಿಯುವ ಕರೆಂಟ್ ಕಡಿಮೆ ಇದ್ದಾಗ ಅಡ್ಡಿಯೂ ಕಡಿಮೆ ಕಾಣುತ್ತದೆ. ಹೊಸದು ಪೂರ್ತಿ ಕೊಟ್ಟಾಗ ಅದು ಬಯಲಾಯಿತು. ಇಡೀ ಕೆಲಸದಲ್ಲಿ ಅತಿ ಅಗ್ಗದ ಸಾಮಾನು ಈ ಪಟ್ಟಿ. ಬದಲಾಯಿಸಿ, ಬಾಡಿಯ ಜಾಗವನ್ನು ಹೊಳೆಯುವವರೆಗೆ ಉಜ್ಜಿ, ಬ್ಯಾಟರಿಯ ಎರಡೂ ಟರ್ಮಿನಲ್ ಉಜ್ಜಿ ಬಿಗಿ ಮಾಡಿದರು. ಈಗ ಎಲ್ಲ ಲೋಡ್ ಇದ್ದೂ 14.1. ಅರ್ತ್ ಕಡೆ 0.05. ಎಸಿ ಅಳತೆ ಬಹುತೇಕ ಸೊನ್ನೆ.

ಕೊನೆಗೆ ಕಾರು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು, ನಿಂತ ಕಾರು ಎಷ್ಟು ಕರೆಂಟ್ ಎಳೆಯುತ್ತದೆ ಅಂತ ನೋಡಿದರು. 0.03 ಆಂಪಿಯರ್. 0.05ರ ಒಳಗಿದ್ದರೆ ಚಿಂತೆಯಿಲ್ಲ. ಕಾಯದೆ ತಕ್ಷಣ ಅಳೆದರೆ ಜಾಸ್ತಿ ತೋರಿಸುತ್ತದೆ, ಕಾರಿನ ಕಂಪ್ಯೂಟರುಗಳು ನಿದ್ದೆಗೆ ಹೋಗಲು ಸಮಯ ಬೇಕು.

ಬ್ಯಾಟರಿ ತೆಗೆದು ಹಾಕಿದ ಕಾರಣ ಗಡಿಯಾರ ಹೋಗಿತ್ತು, ಕಿಟಕಿಯ ಗಾಜು ಒಂದೇ ಒತ್ತಿಗೆ ಏರುತ್ತಿರಲಿಲ್ಲ. ಗಾಜನ್ನು ಪೂರ್ತಿ ಏರಿಸಿ ಸ್ವಿಚ್ ಕೆಲವು ಸೆಕೆಂಡ್ ಹಿಡಿದುಕೊಂಡೆ, ಸರಿಹೋಯಿತು. ಒಂದು ದಿನ ಐಡ್ಲಿಂಗ್ ಸ್ವಲ್ಪ ಏರುಪೇರಿತ್ತು, ತಾನಾಗಿ ಸರಿಯಾಯಿತು. ಬಿಲ್ಲಿನ ಮೇಲೆ ತಾರೀಕು, ಓಡಿದ ಕಿಲೋಮೀಟರ್, ಆಲ್ಟರ್ನೇಟರಿನ ಪಾರ್ಟ್ ನಂಬರ್ ಮೂರನ್ನೂ ಬರೆಸಿಕೊಂಡೆ. ವಾರಂಟಿ ಕೇಳುವಾಗ ಇವೇ ಬೇಕಾಗುವುದು.

ಖರ್ಚಿನ ಲೆಕ್ಕ ಹಾಕಿದರೆ ದೊಡ್ಡ ಪಾಲು ಆಲ್ಟರ್ನೇಟರಿನದು. ಎರಡನೆಯದು, ಬೇಡವಾಗಿದ್ದ ಬ್ಯಾಟರಿ. ಹಳೆಯ ಬ್ಯಾಟರಿ ಇನ್ನೂ ಚೆನ್ನಾಗಿತ್ತೋ ಏನೋ, ಅಳೆಯದೇ ಕೊಟ್ಟುಬಿಟ್ಟೆ. ಅದು ಈಗಲೂ ಮನಸ್ಸನ್ನು ಚುಚ್ಚುತ್ತದೆ. ಎಲೆಕ್ಟ್ರಿಷಿಯನ್ ತೆಗೆದುಕೊಂಡ ಕೂಲಿ ಎಲ್ಲಕ್ಕಿಂತ ಕಡಿಮೆ. ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೊಟ್ಟೆ.

ಈಗ ಒಂದು ಮೀಟರ್ ಕೊಂಡು ಡ್ಯಾಶ್‌ಬೋರ್ಡಿನ ಡ್ರಾದಲ್ಲಿ ಇಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು 12.6, ಮಾಡಿದ ಮೇಲೆ 14.2. ಮುಂದಿನ ಬುಧವಾರ ಅಮ್ಮನ ಇನ್ನೊಂದು ಕಣ್ಣಿನ ತಪಾಸಣೆ ಇದೆ. ವಾಪಸ್ ಬರುವಾಗ ಕತ್ತಲಾಗುತ್ತದೆ. ಕಾರಲ್ಲೇ ಹೋಗೋಣ ಅಂದೆ. ಅಮ್ಮ ಹೂಂ ಅಂದಿದ್ದಾರೆ.